ನೋಡಲು ಒಂದೇ ಥರದ ಬೋಟು, ಆದರೆ ಎರಡೂ ಒಂದೇನಾ? ಕ್ಯಾಬಿನ್ ಬೋಟಿನ ಆವೃತ್ತಿ ಗುರುತಿಸುವುದು ಹೇಗೆ?

2024ರ ಅಕ್ಟೋಬರ್ ಮೊದಲ ವಾರದಲ್ಲಿ ಈ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಜನ ಕಿಕ್ಕಿರಿದ ಎರಡಂತಸ್ತಿನ ಬೋಟೊಂದು ಒಂದು ಬದಿಗೆ ವಾಲಿ, ನೋಡನೋಡುತ್ತಲೇ ನೀರಿಗೆ ಮಗುಚುತ್ತದೆ. ಜೊತೆಗೆ ‘ಗೋವಾದಲ್ಲಿ ಬೋಟ್ ದುರಂತ’ ಎಂಬ ಒಕ್ಕಣೆ. ಕೊನೆಗೆ ಗೋವಾ ಪೊಲೀಸರೇ ಸ್ಪಷ್ಟನೆ ಕೊಡಬೇಕಾಯಿತು. ಅದು ಗೋವಾ ಅಲ್ಲ, ಆಫ್ರಿಕಾದ ಕಾಂಗೊ ದೇಶದ ಗೋಮಾ. ಅಲ್ಲಿನ ಕಿವು ಸರೋವರದಲ್ಲಿ ಅಕ್ಟೋಬರ್ 3ರಂದು ಆ ದುರಂತ ನಡೆದಿತ್ತು. ಗೋಮಾ ಹೋಗಿ ಗೋವಾ ಆಯಿತು, ಅಲ್ಲಿನ ಬೋಟು ಇಲ್ಲಿನ ಬೋಟಾಯಿತು.

ಊರಿನ ಹೆಸರು ಒಂದಕ್ಷರ ತಪ್ಪಿದ್ದು ಒಂದು ಕಾರಣ. ‘ಬೋಟು ಅಂದ ಮೇಲೆ ಎಲ್ಲವೂ ಒಂದೇ ಥರ ತಾನೇ’ ಎಂಬ ನಮ್ಮ ಉದಾಸೀನ ಇನ್ನೊಂದು ಕಾರಣ. ಬೈಕು, ಕಾರು, ಟ್ರ್ಯಾಕ್ಟರ್ ಬಂದರೆ ನೂರು ಅಡಿ ದೂರದಿಂದಲೇ ಯಾವ ಕಂಪನಿ, ಯಾವ ಮಾಡೆಲ್, ಹಳೆಯದೋ ಹೊಸದೋ ಎಂದು ಹೇಳುವವರು ನಮ್ಮೂರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಬೋಟಿನ ವಿಷಯದಲ್ಲಿ ಆ ಕಣ್ಣು ಪಳಗಿಲ್ಲ. ಪಳಗಿಸಿಕೊಂಡರೆ ಎರಡು ಲಾಭ. ಸುಳ್ಳು ಫಾರ್ವರ್ಡ್ ನಿಮ್ಮ ಮೊಬೈಲಿನಲ್ಲೇ ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾಗಿ, ಪ್ರವಾಸ ಹೋದಾಗ ಯಾವ ಬೋಟು ಹತ್ತಬಾರದು ಎಂಬುದು ತಿಳಿಯುತ್ತದೆ.

ನಮ್ಮ ಕಡೆಯವರಿಗೆ ಇದು ಯಾಕೆ ಬೇಕು?

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಸುತ್ತಮುತ್ತ ಭದ್ರಾ ನಾಲೆಯ ನೀರಿದೆ, ಅದೇ ತಾಲ್ಲೂಕಿನಲ್ಲಿ ಸೂಳೆಕೆರೆಯಂಥ ದೊಡ್ಡ ಕೆರೆ ಇದೆ. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ ಹರಿಯುತ್ತಾಳೆ. ಇಷ್ಟು ನೀರಿದ್ದರೂ ಎಂಜಿನ್ ಬೋಟು ಇಲ್ಲಿನ ದಿನನಿತ್ಯದ ವಸ್ತುವಲ್ಲ. ಹೊಳೆ ಬದಿಯವರಿಗೆ ಗೊತ್ತಿರುವುದು ಹರಿಗೋಲು, ತೆಪ್ಪ, ದೋಣಿ. ಅವುಗಳ ಅಪಾಯವೂ ಗೊತ್ತು. 2016ರ ಸೆಪ್ಟೆಂಬರ್‌ನಲ್ಲಿ ಗಣೇಶ ವಿಸರ್ಜನೆಯ ವೇಳೆ ಶಿವಮೊಗ್ಗ ತಾಲ್ಲೂಕಿನ ಹಾಡೋನಹಳ್ಳಿ ಬಳಿ ಹೊಳೆಯಲ್ಲಿ ತೆಪ್ಪ ಮಗುಚಿ 12 ಮಂದಿ ತೀರಿಕೊಂಡಿದ್ದನ್ನು ಈ ಭಾಗದವರು ಮರೆತಿಲ್ಲ.

ಎಂಜಿನ್ ಬೋಟು ಹತ್ತುವುದು ಪ್ರವಾಸಕ್ಕೆ ಹೋದಾಗ. ಲಕ್ಕವಳ್ಳಿಯ ಭದ್ರಾ ಹಿನ್ನೀರು, ಶರಾವತಿ ಹಿನ್ನೀರು, ಮಲ್ಪೆ, ಕಾರವಾರ, ಇನ್ನೂ ದೂರ ಹೋದರೆ ಕೇರಳ, ಗೋವಾ. ಅಲ್ಲಿ ದಡದಲ್ಲಿ ಸಾಲಾಗಿ ನಿಂತ ಬೋಟುಗಳಲ್ಲಿ ಬಣ್ಣ ಚೆನ್ನಾಗಿರುವುದನ್ನೋ, ಮೇಲೆ ಕೂರಲು ಜಾಗ ಇರುವುದನ್ನೋ ನೋಡಿ ಹತ್ತುತ್ತೇವೆ. ಆದರೆ ಬಣ್ಣ ಮತ್ತು ಹೆಸರು ಬೋಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕ್ಯಾಬಿನ್ ಬೋಟ್ ಅಂದರೆ ಯಾವುದು?

ಸಾಮಾನ್ಯವಾಗಿ 20ರಿಂದ 30 ಅಡಿ ಉದ್ದದ, ಎಂಜಿನ್ ಇರುವ, ಒಳಗೆ ಗೋಡೆ, ಕಿಟಕಿ, ಚಾವಣಿ ಇರುವ ಪುಟ್ಟ ಕೋಣೆಯುಳ್ಳ ಬೋಟನ್ನು ಸಣ್ಣ ಕ್ಯಾಬಿನ್ ಕ್ರೂಸರ್ ಎನ್ನುತ್ತಾರೆ. ವಿದೇಶಗಳಲ್ಲಿ ಒಂದು ಕುಟುಂಬ ಎರಡು ಮೂರು ದಿನ ನದಿಯಲ್ಲೋ ಸರೋವರದಲ್ಲೋ ಇದರಲ್ಲೇ ಮಲಗೆದ್ದು ತಿರುಗಾಡುತ್ತದೆ. ಹರಿಗೋಲಿಗೆ ಕೋಣೆ ಇಲ್ಲ. ಸಿಗಂದೂರಿಗೆ ಹೋಗುವವರನ್ನು ಬಸ್ಸು, ಕಾರುಗಳ ಸಮೇತ ದಶಕಗಳ ಕಾಲ ದಾಟಿಸಿದ ಲಾಂಚ್ ಚಪ್ಪಟೆ ಅಂಕಣದ ಬೇರೆಯೇ ಜಾತಿ. ಇವನ್ನು ಬೇರೆ ಮಾಡುವುದು ಸುಲಭ. ಕಷ್ಟ ಬರುವುದು ಒಂದೇ ಜಾತಿಯ ಎರಡು ಕ್ಯಾಬಿನ್ ಬೋಟು ಪಕ್ಕಪಕ್ಕ ನಿಂತಾಗ.

ಒಂದೇ ಅಚ್ಚು, ಹಲವು ಬೋಟು

ಇಂದಿನ ಬಹುಪಾಲು ಸಣ್ಣ ಬೋಟುಗಳು ಫೈಬರ್‌ನವು. ಬೆಲ್ಲ ಅಚ್ಚಿನಲ್ಲಿ ಬರುವ ಹಾಗೆ ಇವೂ ಅಚ್ಚಿನಲ್ಲೇ ಹುಟ್ಟುತ್ತವೆ. ಗಾಜಿನ ನಾರಿನ ಹಾಸನ್ನು ಅಚ್ಚಿನೊಳಗೆ ಹರಡಿ, ರಾಳ ಹಚ್ಚಿ, ಗಟ್ಟಿಯಾದ ಮೇಲೆ ಬಿಡಿಸಿ ತೆಗೆಯುತ್ತಾರೆ. ಸಾಮಾನ್ಯವಾಗಿ ಎರಡು ದೊಡ್ಡ ಭಾಗಗಳು ಬೇರೆ ಬೇರೆ ಅಚ್ಚಿನಲ್ಲಿ ತಯಾರಾಗುತ್ತವೆ. ನೀರಿಗೆ ಇಳಿಯುವ ಕೆಳಭಾಗ ಒಂದು, ಅದನ್ನು ಒಡಲು ಎನ್ನೋಣ. ಮೇಲೆ ಮುಚ್ಚಳದಂತೆ ಕೂರುವ ಡೆಕ್ ಇನ್ನೊಂದು. ಆಮೇಲೆ ಎರಡನ್ನೂ ಅಂಚಿನಲ್ಲಿ ಬೆಸೆಯುತ್ತಾರೆ.

ಒಡಲಿನ ಅಚ್ಚು ಮಾಡಲು ಖರ್ಚು ಜಾಸ್ತಿ. ಹಾಗಾಗಿ ಕಂಪನಿಗಳು ಒಂದೇ ಒಡಲಿಗೆ ಬೇರೆ ಬೇರೆ ಮೇಲ್ಭಾಗ ಕೂರಿಸಿ ಹಲವು ಆವೃತ್ತಿ ಮಾರುತ್ತವೆ. ಟಾಟಾ 407ರ ಒಂದೇ ಚಾಸಿ ಮೇಲೆ ಲಾರಿ, ಮಿನಿ ಬಸ್ಸು, ಆಂಬುಲೆನ್ಸ್ ಕಟ್ಟಿದ ಹಾಗೆ. ಮುಖ್ಯವಾಗಿ ನಾಲ್ಕು ಬಗೆ ನೋಡಬಹುದು:

• ತೆರೆದ ಬೋಟು: ಮೇಲೆ ಏನೂ ಇಲ್ಲ, ಹೆಚ್ಚೆಂದರೆ ಬಟ್ಟೆಯ ನೆರಳು.
• ಅರೆ ಕ್ಯಾಬಿನ್: ಮುಂಭಾಗದಲ್ಲಿ ಬಗ್ಗಿ ಒಳಹೋಗುವ ಸಣ್ಣ ಗೂಡು. ಹಿಂದೆ ತೆರೆದ ಜಾಗ.
• ಪೂರ್ಣ ಕ್ಯಾಬಿನ್: ನಿಲ್ಲುವಷ್ಟು ಎತ್ತರದ ಕೋಣೆ, ಕಿಟಕಿ, ಬಾಗಿಲು.
• ಮೇಲಂತಸ್ತಿನ ಬೋಟು: ಕ್ಯಾಬಿನ್ ಚಾವಣಿಯ ಮೇಲೂ ಕೂರುವ ಅಥವಾ ಓಡಿಸುವ ಜಾಗ, ಸುತ್ತ ಕಂಬಿ.

ವರ್ಷಗಳು ಉರುಳಿದಂತೆ ಅದೇ ಮಾದರಿಯಲ್ಲಿ ಸುಧಾರಣೆ ಮಾಡಿ ‘ಮಾರ್ಕ್ 1’, ‘ಮಾರ್ಕ್ 2’ ಎಂದು ಹೆಸರಿಡುವ ರೂಢಿಯೂ ಇದೆ. ಇಂಗ್ಲೆಂಡಿನ ನದಿಗಳಲ್ಲಿ ಇಂದಿಗೂ ಓಡಾಡುವ ಫ್ರೀಮನ್ 22 ಎಂಬ ಹಳೆಯ ಬೋಟು ಹೀಗೆ ಎರಡು ಮಾರ್ಕ್‌ಗಳಲ್ಲಿ ಬಂತು. ಇಲ್ಲಿ 22 ಎಂಬುದು ಅಡಿಗಳಲ್ಲಿ ಉದ್ದ, ಅಂದರೆ ಸುಮಾರು 6.7 ಮೀಟರ್. ಅಂದರೆ ಹೆಸರಿನಲ್ಲಿರುವ ಅಂಕಿ ಗಾತ್ರ ಹೇಳುತ್ತದೆ, ಆವೃತ್ತಿ ಹೇಳುವುದಿಲ್ಲ. ಆವೃತ್ತಿ ತಿಳಿಯಲು ಬೋಟನ್ನೇ ನೋಡಬೇಕು.

ಎಲ್ಲಿ ನೋಡಬೇಕು?

ಒಂದು ಸರಳ ಸೂತ್ರ ನೆನಪಿಡಿ. ಬದಲಿಸಲು ಸುಲಭವಾದ ಗುರುತನ್ನು ನಂಬಬೇಡಿ, ಬದಲಿಸಲು ಕಷ್ಟವಾದ ಗುರುತನ್ನು ನಂಬಿ. ಬಣ್ಣ, ಹೆಸರು, ಸೀಟು, ಪರದೆ, ಬಾವುಟ ಇವೆಲ್ಲ ಒಂದೇ ದಿನದಲ್ಲಿ ಬದಲಾಗುತ್ತವೆ. ಕೆಳಗಿನವು ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

1. ಒಡಲಿನ ಗೆರೆ: ಮುಂಭಾಗದ ಮೂತಿ ನೇರವಾಗಿದೆಯೋ, ಮುಂದಕ್ಕೆ ಚಾಚಿದೆಯೋ? ಪಕ್ಕದಲ್ಲಿ ಮುಂದಿನಿಂದ ಹಿಂದಿನವರೆಗೆ ಓಡುವ ಏಣು ಇದೆಯೋ? ಇವು ಅಚ್ಚಿನಲ್ಲೇ ಬಂದವು.

2. ಕಿಟಕಿಯ ತೂತು: ಗಾಜು, ಚೌಕಟ್ಟು ಬದಲಾಗಬಹುದು. ಆದರೆ ಕ್ಯಾಬಿನ್ ಗೋಡೆಯಲ್ಲಿ ಎಷ್ಟು ಕಿಟಕಿ, ಯಾವ ಆಕಾರ, ಎಲ್ಲಿಂದ ಶುರು ಎಂಬುದು ಬದಲಾಗುವುದು ಕಡಿಮೆ. ಫೋಟೊದಲ್ಲಿ ಎರಡು ಬೋಟು ಹೋಲಿಸುವಾಗ ಮೊದಲು ಕಿಟಕಿ ಎಣಿಸಿ.

3. ಹಿಂಭಾಗ ಮತ್ತು ಎಂಜಿನ್: ಹಿಂದೆ ಹೊರಗೆ ನೇತುಹಾಕಿದ ಎಂಜಿನ್ ಇದೆಯೋ, ಒಳಗೆ ಪೆಟ್ಟಿಗೆಯಲ್ಲಿ ಇದೆಯೋ? ಒಳಗಿನ ಎಂಜಿನ್ ಆದರೆ ಹೊರಗೆ ಏನೂ ಕಾಣದು, ಅಥವಾ ಪ್ರೊಪೆಲ್ಲರ್ ಇರುವ ಕಾಲಿನಂಥ ಭಾಗ ಮಾತ್ರ ಹಿಂಗೋಡೆಯಿಂದ ಹೊರಬಂದಿರುತ್ತದೆ. ಎಂಜಿನ್ ಕೂರುವ ಜಾಗಕ್ಕೆ ತಕ್ಕಂತೆ ಹಿಂಗೋಡೆಯ ಆಕಾರವೇ ಬೇರೆ ಇರುತ್ತದೆ.

4. ಸೇರಿಸಿದ ಭಾಗದ ಕುರುಹು: ಅಚ್ಚಿನಲ್ಲಿ ಬಂದ ಕ್ಯಾಬಿನ್ ಮತ್ತು ಡೆಕ್ ಒಂದೇ ಮೈಯಂತೆ ಕಾಣುತ್ತವೆ, ಮೂಲೆಗಳು ದುಂಡಗಿರುತ್ತವೆ. ಆಮೇಲೆ ಕಟ್ಟಿದ ಚಾವಣಿಯಲ್ಲಿ ಕಬ್ಬಿಣದ ಪೈಪು, ಬೋಲ್ಟು, ಪ್ಲೈವುಡ್, ಬೇರೆ ಬಣ್ಣದ ಸೇರುವೆ ಕಾಣುತ್ತದೆ. ಹತ್ತುವವರು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ್ದು ಇದನ್ನೇ.

5. ನಂಬರು: ಬೋಟಿಗೂ ಚಾಸಿ ನಂಬರ್ ಇರುತ್ತದೆ.

ಒಂದು ಗುರುತು ಹೊಂದಿದ ತಕ್ಷಣ ‘ಇದೇ ಅದು’ ಎನ್ನಬೇಡಿ. ಕನಿಷ್ಠ ಮೂರು ಹೊಂದಬೇಕು. ಆದರೆ ಕಿಟಕಿಗಳ ಸಂಖ್ಯೆಯಂಥ ಕಷ್ಟದ ಗುರುತು ಒಂದು ಹೊಂದದಿದ್ದರೂ ಅನುಮಾನ ಪಡಲು ಅಷ್ಟು ಸಾಕು.

ಬೋಟಿನ ನಂಬರ್ ಓದುವುದು ಹೇಗೆ?

ಅಮೆರಿಕದಲ್ಲಿ 1972ರ ನವೆಂಬರ್‌ನಿಂದ ಪ್ರತಿ ಹೊಸ ಬೋಟಿಗೂ ಒಡಲಿನ ಗುರುತು ಸಂಖ್ಯೆ ಕಡ್ಡಾಯ. ಈಗಿನ ಪದ್ಧತಿಯಲ್ಲಿ ಅದರಲ್ಲಿ 12 ಅಕ್ಷರ ಮತ್ತು ಅಂಕಿಗಳು. ಮೊದಲ ಮೂರು ತಯಾರಕರ ಗುರುತು, ನಂತರದ ಐದು ಆ ಬೋಟಿನ ಕ್ರಮಸಂಖ್ಯೆ. ಆಮೇಲೆ ತಿಂಗಳು ಸೂಚಿಸುವ ಒಂದು ಇಂಗ್ಲಿಷ್ ಅಕ್ಷರ: ‘ಎ’ ಎಂದರೆ ಜನವರಿ, ‘ಎಲ್’ ಎಂದರೆ ಡಿಸೆಂಬರ್. ನಂತರ ತಯಾರಾದ ವರ್ಷದ ಕೊನೆಯ ಅಂಕಿ, ಕೊನೆಗೆ ಮಾಡೆಲ್ ವರ್ಷದ ಎರಡು ಅಂಕಿ. ಬೇರೆ ದೇಶಗಳಲ್ಲಿ ಇದರ ಮುಂದೆ ದೇಶದ ಎರಡಕ್ಷರ ಸೇರುತ್ತದೆ. ಹಿಂಗೋಡೆಯ ಹೊರಮೈಯಲ್ಲಿ, ಮುಂದಕ್ಕೆ ಮುಖ ಮಾಡಿ ನಿಂತರೆ ಬಲಕ್ಕೆ ಬರುವ ಬದಿಯಲ್ಲಿ, ಮೇಲ್ಗಡೆ ಇದನ್ನು ಕೊರೆದಿರುತ್ತಾರೆ. ಕದ್ದವರು ಉಜ್ಜಿ ಅಳಿಸಿದರೂ ಸಿಗಲಿ ಎಂದು ಒಳಗೆ ಕಾಣದ ಜಾಗದಲ್ಲಿ ಇನ್ನೊಂದು ಪ್ರತಿ ಇರುತ್ತದೆ. ಹಳೆಯ ಆಮದು ಬೋಟನ್ನು ‘ಹೊಸ ಮಾಡೆಲ್’ ಎಂದು ಯಾರಾದರೂ ಹೇಳಿದರೆ ಸತ್ಯ ಹೊರಬೀಳುವುದು ಇಲ್ಲೇ.

ಯುರೋಪಿನ ಬೋಟುಗಳಲ್ಲಿ ಇನ್ನೊಂದು ಫಲಕ ಇರುತ್ತದೆ. ಅದರಲ್ಲಿ ಎಷ್ಟು ಜನ, ಎಷ್ಟು ಕಿಲೊ, ಯಾವ ದರ್ಜೆಯ ನೀರು ಎಂದು ಬರೆದಿರುತ್ತದೆ. ದರ್ಜೆಗಳು ಎ, ಬಿ, ಸಿ, ಡಿ. ‘ಡಿ’ ಎಂದರೆ ಆಸರೆ ಇರುವ ಶಾಂತ ನೀರು, ಅಲೆಯ ಎತ್ತರ 0.3 ಮೀಟರ್, ಅಂದರೆ ಸುಮಾರು ಒಂದಡಿ. ‘ಸಿ’ ಎಂದರೆ 2 ಮೀಟರ್ ಅಲೆಯವರೆಗೆ. ಒಂದೇ ಬೋಟಿಗೆ ‘ಸಿ ನೀರಿನಲ್ಲಿ 6 ಜನ, ಡಿ ನೀರಿನಲ್ಲಿ 8 ಜನ’ ಎಂಬ ರೀತಿ ಎರಡು ಲೆಕ್ಕ ಇರುವುದೂ ಉಂಟು. ಇದರ ಅರ್ಥ ಸರಳ: ಬೋಟಿನ ಸಾಮರ್ಥ್ಯ ಸೀಟಿನ ಲೆಕ್ಕವಲ್ಲ, ನೀರಿನ ಲೆಕ್ಕ. ಆಷಾಢದ ಗಾಳಿಯಲ್ಲಿ ಸೂಳೆಕೆರೆಯಂಥ ವಿಶಾಲ ನೀರಿನ ಮೇಲೂ ಅಲೆ ಏಳುತ್ತದೆ. ಬೆಳಿಗ್ಗೆ ಸರಿಯಿದ್ದ ಬೋಟು ಸಂಜೆಗೆ ಸರಿಯಿರಬೇಕೆಂದಿಲ್ಲ.

ಭಾರತದಲ್ಲಿ 1917ರ ಹಳೆಯ ಕಾಯ್ದೆಯ ಬದಲು 2021ರ ಒಳನಾಡು ಹಡಗು ಕಾಯ್ದೆ ಬಂದಿದೆ. ಅದರ ಪ್ರಕಾರ ನದಿ, ಸರೋವರಗಳಲ್ಲಿ ಓಡುವ ಎಂಜಿನ್ ಬೋಟಿಗೆ ತಪಾಸಣೆಯ ಪ್ರಮಾಣಪತ್ರ ಬೇಕು, ನೋಂದಣಿ ಬೇಕು, ನೋಂದಣಿ ಸಂಖ್ಯೆ ಎದ್ದು ಕಾಣುವಂತೆ ಬರೆದಿರಬೇಕು. ಬೋಟಿನ ರಚನೆ ಬದಲಿಸಲೂ ಒಪ್ಪಿಗೆ ಬೇಕು. ಸ್ಥಳೀಯವಾಗಿ ಕಟ್ಟಿದ ಬೋಟಿನಲ್ಲಿ 12 ಅಂಕಿಗಳ ಕೊರೆತ ಸಿಗದೇ ಹೋಗಬಹುದು. ಅಲ್ಲಿ ನೋಂದಣಿ ಸಂಖ್ಯೆಯನ್ನೇ ಹುಡುಕಿ.

ಆವೃತ್ತಿ ಬದಲಾದರೆ ಏನಾಗುತ್ತದೆ? ಒಂದು ಲೆಕ್ಕ

‘ಮೇಲೊಂದು ಅಟ್ಟ ಕಟ್ಟಿದರೆ ಏನಾಯಿತು, ಒಡಲು ಅದೇ ಅಲ್ಲವೇ?’ ಎಂದು ಕೇಳಬಹುದು. ಭತ್ತದ ಹುಲ್ಲನ್ನು ಎತ್ತರಕ್ಕೆ ಹೇರಿದ ಟ್ರ್ಯಾಕ್ಟರ್ ಟ್ರೇಲರ್ ನಾಲೆ ಏರಿಯ ತಿರುವಿನಲ್ಲಿ ಹೇಗೆ ಓಲಾಡುತ್ತದೆ ಎಂಬುದನ್ನು ನೋಡಿದವರಿಗೆ ಉತ್ತರ ಗೊತ್ತು. ಚಕ್ರ ಅದೇ, ಟ್ರೇಲರ್ ಅದೇ, ತೂಕ ಮಾತ್ರ ಮೇಲಕ್ಕೆ ಹೋಗಿದೆ.

ಬೋಟಿಗೆ ಇದನ್ನು ಅನ್ವಯಿಸೋಣ. ಲೆಕ್ಕಕ್ಕಾಗಿ 1,500 ಕಿಲೊ ತೂಕದ ಒಂದು ಬೋಟು ಇದೆ ಎಂದಿಟ್ಟುಕೊಳ್ಳಿ. ಅದರ ತೂಕದ ಕೇಂದ್ರ ತಳದಿಂದ 60 ಸೆಂಟಿಮೀಟರ್ ಎತ್ತರದಲ್ಲಿದೆ. ತಲಾ 60 ಕಿಲೊದ 8 ಜನ ಕೆಳಗಿನ ಸೀಟಿನಲ್ಲಿ ಕೂತರೆ ಅವರ ತೂಕ ಸುಮಾರು 90 ಸೆಂಟಿಮೀಟರ್ ಎತ್ತರದಲ್ಲಿ ಬೀಳುತ್ತದೆ. ಆಗ ಒಟ್ಟು ತೂಕದ ಕೇಂದ್ರ 67 ಸೆಂಟಿಮೀಟರ್‌ಗೆ ಏರುತ್ತದೆ, ಅಷ್ಟೇ. ಅದೇ 8 ಜನ ಚಾವಣಿ ಹತ್ತಿ 2.4 ಮೀಟರ್ ಎತ್ತರದಲ್ಲಿ ಕೂತರೆ? ಕೇಂದ್ರ 1 ಮೀಟರ್ ದಾಟುತ್ತದೆ. ಜನ ಹೆಚ್ಚಾಗಿಲ್ಲ, ತೂಕ ಒಂದು ಕಿಲೊ ಕೂಡ ಏರಿಲ್ಲ. ಆದರೂ ಬೋಟು ಬೇರೆಯೇ ಬೋಟಾಯಿತು. ವಾಲಿದ ಬೋಟನ್ನು ನೆಟ್ಟಗೆ ನಿಲ್ಲಿಸುವ ಶಕ್ತಿ ಬರುವುದು ಒಡಲಿನ ಆಕಾರದಿಂದ. ತೂಕದ ಕೇಂದ್ರ ಮೇಲೇರಿದಷ್ಟೂ ಆ ಶಕ್ತಿ ಕುಂದುತ್ತದೆ. ಇದರ ಮೇಲೆ ಎಲ್ಲರೂ ಒಂದೇ ಬದಿಗೆ ಸರಿದರೆ, ಅಥವಾ ತಳದಲ್ಲಿ ನಿಂತ ನೀರು ವಾಲಿದ ಕಡೆಗೇ ಹರಿದರೆ, ಬೋಟು ಮತ್ತೆ ಏಳುವುದಿಲ್ಲ.

ಇದು ಬರೀ ಕಾಗದದ ಲೆಕ್ಕ ಅಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ‘ಜಲಕನ್ಯಕಾ’ ಎಂಬ ಎರಡಂತಸ್ತಿನ ಫೈಬರ್ ಬೋಟು ಮಗುಚಿ 45 ಮಂದಿ ಸತ್ತರು. ಪ್ರಾಣಿಗಳನ್ನು ನೋಡಲು ಪ್ರವಾಸಿಗರು ಒಂದೇ ಬದಿಗೆ ಸರಿದಾಗ ಬೋಟು ವಾಲಿತು ಎಂದು ಆಗ ವರದಿಯಾಗಿತ್ತು. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಇನ್ನೊಂದು ಎರಡಂತಸ್ತಿನ ಪ್ರವಾಸಿ ಬೋಟು ಮಗುಚಿ 22 ಜನ ಪ್ರಾಣ ಕಳೆದುಕೊಂಡರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಅದು ಮೂಲದಲ್ಲಿ ಮೀನುಗಾರಿಕೆ ದೋಣಿ, ಮಾರ್ಪಡಿಸಿ ಪ್ರವಾಸಿ ಬೋಟಾಗಿ ಮಾಡಲಾಗಿತ್ತು, ಮಿತಿ ಮೀರಿ ಜನ ಹತ್ತಿದ್ದರು. ಮೀನಿನ ದೋಣಿಯಲ್ಲಿ ಬಲೆ, ಮೀನು, ಮಂಜುಗಡ್ಡೆ ಎಲ್ಲವೂ ಕೆಳಗಿರುತ್ತವೆ. ಪ್ರವಾಸಿಗರು ಗಾಳಿ ಬೆಳಕು ಹುಡುಕಿ ಮೇಲೆ ಹತ್ತುತ್ತಾರೆ. ಒಡಲು ಅದೇ ಇದ್ದರೂ ಹೊರುವ ಭಾರ ಇರುವ ಜಾಗ ಬದಲಾಯಿತು. ಗೂಡ್ಸ್ ಗಾಡಿಯಲ್ಲಿ ಮದುವೆ ದಿಬ್ಬಣ ತುಂಬಿದರೆ ಅದು ಬಸ್ಸಾಗುವುದಿಲ್ಲ.

ನಮ್ಮ ಕಾರವಾರದಲ್ಲೂ 2019ರ ಜನವರಿ 21ರಂದು ಕೂರ್ಮಗಡ ನಡುಗಡ್ಡೆಯ ನರಸಿಂಹ ಜಾತ್ರೆಗೆ ಹೋಗಿ ಮರಳುತ್ತಿದ್ದ ಬೋಟು ಮಗುಚಿ 16 ಮಂದಿ ತೀರಿಕೊಂಡರು. ಜಾತ್ರೆಯ ದಿನ ಇರುವ ಬೋಟೇ ಸಾಕು ಅನ್ನಿಸುತ್ತದೆ, ಕಡಲು ಹಾಗೆ ಅಂದುಕೊಳ್ಳುವುದಿಲ್ಲ.

ಹೀಗೆ ಹೇಳುವುದನ್ನು ಕೇಳಿರುತ್ತೀರಿ, ನಿಜ ಏನು?

‘ಫೈಬರ್ ಬೋಟು ಮುಳುಗುವುದಿಲ್ಲ.’ ತಪ್ಪು. ಗಾಜಿನ ನಾರು ಮತ್ತು ರಾಳದ ಫೈಬರ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಬೋಟು ತೇಲುವುದು ಅದರ ಆಕಾರದಿಂದ. ಒಳಗೆ ನೀರು ತುಂಬಿದರೆ ಮುಳುಗುತ್ತದೆ. ಒಡಲೊಳಗೆ ಫೋಮ್ ತುಂಬಿದ ಆವೃತ್ತಿ ಮಾತ್ರ ನೀರು ತುಂಬಿದರೂ ತೇಲಬಲ್ಲದು.

‘ಕ್ಯಾಬಿನ್ ಒಳಗೆ ಕೂತರೆ ಸುರಕ್ಷಿತ.’ ಅರ್ಧ ಸತ್ಯ. ಮಳೆ, ಗಾಳಿ, ಎರಚಲು ನೀರಿಗೆ ಕ್ಯಾಬಿನ್ ಒಳ್ಳೆಯದು. ಬೋಟು ಮಗುಚಿದರೆ ಅದೇ ಕ್ಯಾಬಿನ್ ಬೋನಾಗುತ್ತದೆ. ಲೈಫ್ ಜಾಕೆಟ್ ನಿಮ್ಮನ್ನು ಮೇಲಕ್ಕೆ ಎತ್ತುವುದರಿಂದ ಒಳಗೇ ಸಿಕ್ಕಿಕೊಳ್ಳಬಹುದು. ಹಾಗೆಂದು ಜಾಕೆಟ್ ಬಿಚ್ಚಬೇಡಿ. ಬಾಗಿಲಿಗೆ ಹತ್ತಿರ ಕೂತುಕೊಳ್ಳಿ, ಮಕ್ಕಳನ್ನು ಒಳಗಿನ ಮೂಲೆಗೆ ಕೂರಿಸಬೇಡಿ.

‘ಸೀಟು ಇರುವಷ್ಟು ಜನ ಕೂರಬಹುದು.’ ತಪ್ಪು. ಸೀಟನ್ನು ಯಾರು ಬೇಕಾದರೂ ಸೇರಿಸಬಹುದು. ಪ್ರಮಾಣಪತ್ರದಲ್ಲಿರುವ ಸಂಖ್ಯೆಯೇ ಮಿತಿ, ಅದರಲ್ಲಿ ಮಕ್ಕಳೂ ಲೆಕ್ಕ.

‘ಈಜು ಬಂದರೆ ಜಾಕೆಟ್ ಬೇಡ.’ ತಪ್ಪು. ಬಟ್ಟೆ ತೊಟ್ಟು, ಗಾಬರಿಯಲ್ಲಿ, ಇನ್ನೊಬ್ಬರು ಹಿಡಿದೆಳೆಯುತ್ತಿರುವಾಗ ಈಜುವುದೇ ಬೇರೆ. ಬಕಲ್ ಹಾಕದ ಜಾಕೆಟ್ ನೀರಿಗೆ ಬಿದ್ದ ಕೂಡಲೇ ಕಳಚಿಹೋಗುತ್ತದೆ.

ಹತ್ತುವ ಮುಂಚೆ ಎರಡು ನಿಮಿಷ

• ನೋಂದಣಿ ಸಂಖ್ಯೆ ಎಲ್ಲಿದೆ? ಎಷ್ಟು ಜನರ ಮಿತಿ ಎಂದು ಬರೆದಿದೆ?
• ಮೇಲಂತಸ್ತು ಅಚ್ಚಿನದೋ, ಆಮೇಲೆ ಕಟ್ಟಿದ್ದೋ? ಕಟ್ಟಿದ್ದಾದರೆ ಮೇಲೆ ಹತ್ತಬೇಡಿ. ಅನುಮಾನ ಬಂದರೆ ಬೋಟನ್ನೇ ಬಿಡಿ.
• ಎಲ್ಲರಿಗೂ, ಮಕ್ಕಳ ಅಳತೆಯದೂ ಸೇರಿ, ಜಾಕೆಟ್ ಇದೆಯೇ?
• ದಡದಲ್ಲಿ ನಿಂತಾಗಲೇ ಬೋಟು ಒಂದು ಬದಿಗೆ ವಾಲಿದೆಯೇ? ತಳದಲ್ಲಿ ನೀರು ನಿಂತಿದೆಯೇ?
• ಹೊರಗೆ ಬರುವ ದಾರಿ ಎಲ್ಲಿ? ಸಾಮಾನು, ಕುರ್ಚಿ ಅಡ್ಡ ಇವೆಯೇ?

ಕೇಳಿದರೆ ಬೋಟಿನವರು ಬೇಸರ ಮಾಡಿಕೊಳ್ಳಬಹುದು. ಬೇಸರ ಸಂಜೆಗೆ ಹೋಗುತ್ತದೆ.

ಫಾರ್ವರ್ಡ್ ಮಾಡುವ ಮುಂಚೆ ಒಂದು ನಿಮಿಷ

ದುರಂತವಾದ ಕೂಡಲೇ ‘ಇದೇ ಆ ಬೋಟು’ ಎಂದು ಫೋಟೊ ಬಂದರೆ ಕಿಟಕಿ ಎಣಿಸಿ, ಅಂತಸ್ತು ನೋಡಿ, ಎಂಜಿನ್ ಎಲ್ಲಿದೆ ನೋಡಿ, ಸುದ್ದಿಯ ಚಿತ್ರದ ಜೊತೆ ಹೋಲಿಸಿ. ಬೋಟಿನ ಮೇಲಿನ ಅಕ್ಷರ ಯಾವ ಭಾಷೆಯದು? ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ ವಿಡಿಯೊವನ್ನು ಯಾರೋ ಮಗ್ಗುಲು ಬದಲಿಸಿದ್ದಾರೆ. ಸುತ್ತಲಿನ ದಡ, ಜನರ ಉಡುಪು, ಹಿಂದಿನ ಕಟ್ಟಡ ಹೇಳಿದ ಊರಿಗೆ ಹೊಂದುತ್ತದೆಯೇ? ಹೊಂದದಿದ್ದರೆ ಅಲ್ಲೇ ನಿಲ್ಲಿಸಿ. ಬೇರೆ ಬೋಟಿನ ಚಿತ್ರ ಹಂಚಿದರೆ ಏನೂ ತಪ್ಪು ಮಾಡದ ಒಬ್ಬ ಬೋಟಿನವನ ಹೊಟ್ಟೆಪಾಡು ಹಾಳಾಗುತ್ತದೆ. ನಿಜವಾಗಿ ಮುಳುಗಿದ ಬೋಟಿನಲ್ಲಿ ಏನು ತಪ್ಪಿತ್ತು ಎಂಬ ಪ್ರಶ್ನೆ ಅದರಡಿ ಹೂತುಹೋಗುತ್ತದೆ.

ಒಟ್ಟಿನಲ್ಲಿ

ಬೋಟಿನ ಗುರುತು ಬಣ್ಣದಲ್ಲಿಲ್ಲ, ಹೆಸರಿನಲ್ಲೂ ಇಲ್ಲ. ಅದರ ಒಡಲಿನಲ್ಲಿದೆ, ಒಡಲಿನ ಮೇಲೆ ಏನು ಕೂರಿಸಿದ್ದಾರೆ ಎಂಬುದರಲ್ಲಿದೆ, ಮೈಮೇಲೆ ಬರೆದ ನಂಬರಿನಲ್ಲಿದೆ. ಈ ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಹಿನ್ನೀರಿಗೋ ಕಡಲಿಗೋ ಹೊರಟರೆ ದಡದಲ್ಲಿ ಎರಡು ನಿಮಿಷ ನಿಂತು ಈ ಮೂರನ್ನು ನೋಡಿ. ಈ ಮಾಹಿತಿಯನ್ನು ಪ್ರವಾಸಕ್ಕೆ ಹೊರಟಿರುವ ನಿಮ್ಮ ಮನೆಮಂದಿಗೂ ಕಳಿಸಿ.